ಗುಜರಿಯಿಂದ ತಂದ ಏರ್ ಫಿಕ್ಸ್ಚರ್: ಯಾವುದೆಂದು ತಿಳಿಯುವುದು ಹೇಗೆ, ಎಷ್ಟರ ಮಟ್ಟಿಗೆ ರಿಪೇರಿ ಮಾಡಬಹುದು?

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಜಾಬ್‌ವರ್ಕ್ ಶಾಪ್ ಇಟ್ಟುಕೊಂಡಿದ್ದೇನೆ. ಎಚ್‌ಎಂಟಿ ಎಫ್‌ಎನ್2ವಿ ಮಿಲ್ಲಿಂಗ್ ಮಷೀನಿನ ಮೇಲೆ 20 ಮಿಮೀ ಇಎನ್8 ಉಕ್ಕಿನ ಶಾಫ್ಟುಗಳ ತುದಿಗೆ ಫ್ಲಾಟ್ ಮತ್ತು ಸ್ಲಾಟ್ ಹೊಡೆಯುವ ಆರ್ಡರ್ ಬಂದಿದೆ. ಮುಚ್ಚಿಹೋದ ಕಾರ್ಖಾನೆಯೊಂದರ ಸಾಮಾನು ಗುಜರಿಗೆ ಬಂದಾಗ ಗಾಳಿಯ ಒತ್ತಡದಿಂದ ಜಾಬನ್ನು (ಕೆಲಸದ ತುಂಡನ್ನು) ಹಿಡಿಯುವ ಎರಡು ಏರ್ ಐಟಂಗಳನ್ನು, ಅಂದರೆ ಫಿಕ್ಸ್ಚರುಗಳನ್ನು, ತೂಕದ ಲೆಕ್ಕದಲ್ಲಿ ತಂದೆ. ಒಂದು ದುಂಡನೆಯ ಅಲ್ಯೂಮಿನಿಯಂ ಬಾಡಿ. ನಡುವೆ ಈ ಕಡೆಯಿಂದ ಆ ಕಡೆಗೆ ತೂತಿದೆ, ಪಕ್ಕದಲ್ಲಿ ಎರಡು ಏರ್ ಪೋರ್ಟ್ ಇವೆ. ಇನ್ನೊಂದು ವೈಸ್, ಅದರ ಹಿಂದೆ ಸಿಲಿಂಡರ್ ಇದೆ. ಎರಡಕ್ಕೂ ನೇಮ್‌ಪ್ಲೇಟ್ ಇಲ್ಲ. ದುಂಡನೆಯದಕ್ಕೆ ಗಾಳಿ ಕೊಟ್ಟರೆ ಸುಯ್ ಎಂದು ಸೋರುತ್ತದೆ. ಜಾಬ್ ಹಿಡಿದಂತೆ ಕಾಣುತ್ತದೆ, ಆದರೆ ಕಟ್ ಕೊಟ್ಟ ತಕ್ಷಣ ತಿರುಗುತ್ತದೆ. ಒಬ್ಬರು ‘ಪ್ರೆಶರ್ 10 ಬಾರ್‌ಗೆ ಏರಿಸಿ’ ಎಂದರು. ಇನ್ನೊಬ್ಬರು ‘ಕಂಪನಿ ಸೀಲ್ ಕಿಟ್ ಸಿಗದಿದ್ದರೆ ಅದು ಸ್ಕ್ರ್ಯಾಪ್’ ಎಂದರು. ಲೂಬ್ರಿಕೇಟರ್ (ಗಾಳಿಗೆ ಎಣ್ಣೆ ಹನಿ ಸೇರಿಸುವ ಸಾಧನ) ಇಲ್ಲದೆ ನಡೆಸಲೇಬಾರದೆಂದೂ ಕೇಳಿದೆ. ರಿಪೇರಿ ಮಾಡಲೇ, ಮಾರಿಬಿಡಲೇ? ಮಧ್ಯೆ ಕರೆಂಟ್ ಹೋದರೆ ಜಾಬ್ ಹಾರಿಬಿಡುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿವೆ. ಹಳೆಯ ಏರ್ ಟೂಲಿಂಗ್ ಕೈಗೆ ಬಂದಾಗ ಎಲ್ಲರೂ ಹುಡುಕುವುದು ಕಂಪನಿ ಹೆಸರನ್ನು. ಹೆಸರು ಸಿಕ್ಕರೆ ಒಳ್ಳೆಯದೇ, ಆದರೆ ಹೆಸರಿಗಿಂತ ಮುಂಚೆ ತಿಳಿಯಬೇಕಾದದ್ದು ಬೇರೆ ಇದೆ: ಗಾಳಿ ನಿಂತ ಕ್ಷಣ ಜಾಬ್ ಹಿಡಿತದಲ್ಲೇ ಇರುತ್ತದೆಯೋ, ಬಿಟ್ಟುಬಿಡುತ್ತದೆಯೋ? ಇದಕ್ಕೆ ಉತ್ತರ ಸಿಕ್ಕರೆ ಹೇಗೆ ಬಿಚ್ಚಬೇಕು, ಯಾವ ವಾಲ್ವ್ ಹಾಕಬೇಕು, ಯಾವ ಕೆಲಸಕ್ಕೆ ಬಳಸಬಹುದು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಹಿಡಿಯುವ ರೀತಿ ಮುಖ್ಯವಾಗಿ ನಾಲ್ಕು. ಒಂದನೆಯದು ಡಬಲ್ ಆಕ್ಟಿಂಗ್. ಹಿಡಿಯಲೂ ಗಾಳಿ ಬೇಕು, ಬಿಡಲೂ ಗಾಳಿ ಬೇಕು, ಎರಡು ಪೋರ್ಟ್ ಇರುತ್ತವೆ. ಗಾಳಿ ಹೋದರೆ ಹಿಡಿತವೂ ಹೋಗುತ್ತದೆ. ಎರಡನೆಯದರಲ್ಲಿ ಗಾಳಿ ಹಿಡಿಯುತ್ತದೆ, ಸಣ್ಣ ಸ್ಪ್ರಿಂಗ್ ಬಿಡಿಸುತ್ತದೆ. ಮೂರನೆಯದು ಇದರ ಉಲ್ಟಾ: ಒಳಗಿನ ಬಲವಾದ ಸ್ಪ್ರಿಂಗ್ ಹಿಡಿದಿರುತ್ತದೆ, ಗಾಳಿ ಬಿಡಿಸುತ್ತದೆ. ಗಾಳಿ ಹೋದರೂ ಜಾಬ್ ಅಲ್ಲಾಡುವುದಿಲ್ಲ. ನಾಲ್ಕನೆಯದರಲ್ಲಿ ವೆಡ್ಜ್ ಅಥವಾ ಟಾಗಲ್ ಇರುತ್ತದೆ, ಒಮ್ಮೆ ಲಾಕ್ ಆದ ಮೇಲೆ ಗಾಳಿ ಇಲ್ಲದೆಯೂ ಹಿಡಿದಿರುತ್ತದೆ.

ಪೋರ್ಟ್ ಲೆಕ್ಕ ನೋಡಿದರೆ ನಿಮ್ಮದು ಮೊದಲನೆಯ ಜಾತಿಯದು ಅನ್ನಿಸುತ್ತದೆ. ಆದರೂ ಬರೀ ಪೋರ್ಟ್ ಎಣಿಸಿ ತೀರ್ಮಾನ ಬೇಡ. ಎರಡನೇ ತೂತು ಕೆಲವೊಮ್ಮೆ ಬರಿಯ ಉಸಿರಾಟದ ತೂತಾಗಿರುತ್ತದೆ, ಅದರ ಬಾಯಲ್ಲಿ ಕಂಚಿನ ಪುಡಿಯ ಫಿಲ್ಟರ್ ಕೂತಿರುತ್ತದೆ. ರೆಗ್ಯುಲೇಟರನ್ನು 1ರಿಂದ 1.5 ಬಾರ್‌ಗೆ ಇಳಿಸಿ, ಕಾಲೆಟ್ (ಜಾಬನ್ನು ಸುತ್ತಲೂ ಹಿಂಡಿ ಹಿಡಿಯುವ ಸೀಳಿರುವ ಬುಶ್) ತೆಗೆದಿಟ್ಟು, ಒಂದೊಂದೇ ಪೋರ್ಟಿಗೆ ಗಾಳಿ ಕೊಟ್ಟು ಹಿಂದಿನ ಡ್ರಾ ಟ್ಯೂಬ್ (ಕಾಲೆಟನ್ನು ಒಳಕ್ಕೆ ಎಳೆಯುವ ಕೊಳವೆ) ಚಲಿಸುವುದನ್ನು ನೋಡಿ. ಎರಡು ಪೋರ್ಟಿಗೂ ಎದುರುಬದುರಾಗಿ ಚಲಿಸಿ, ಗಾಳಿ ತೆಗೆದಾಗ ಇದ್ದಲ್ಲೇ ನಿಂತರೆ ಡಬಲ್ ಆಕ್ಟಿಂಗ್. ತಾನಾಗಿಯೇ ಹಿಂದಕ್ಕೆ ಹೋದರೆ ಒಳಗೆ ಸ್ಪ್ರಿಂಗ್ ಇದೆ. 1.5 ಬಾರ್‌ಗೆ ಸ್ವಲ್ಪವೂ ಅಲುಗದೆ 4–5 ಬಾರ್‌ಗೆ ಚಲಿಸಿದರೆ ಎರಡರಲ್ಲೊಂದು: ಸೀಲ್ ಅಂಟಿಕೊಂಡಿದೆ, ಇಲ್ಲವೇ ಒಳಗೆ ಡಿಸ್ಕ್ ಸ್ಪ್ರಿಂಗ್‌ಗಳ ಸಾಲಿದೆ. ಎರಡನೆಯದು ಎಂಬ ಅನುಮಾನ ಬಂದರೂ ಕವರ್ ಬೋಲ್ಟ್‌ಗಾಗಲಿ ಸರ್ಕ್ಲಿಪ್‌ಗಾಗಲಿ ಕೈ ಹಾಕಬೇಡಿ. ನೂರಾರು ಕೆಜಿ ಬಲ ಒತ್ತಿ ಕೂತಿರುತ್ತದೆ, ಕೊನೆಯ ಬೋಲ್ಟ್ ಬಿಟ್ಟಾಗ ಕವರ್ ಮುಖಕ್ಕೆ ಬರುತ್ತದೆ. ಅದನ್ನು ಪ್ರೆಸ್ಸಿನ ಕೆಳಗಿಟ್ಟು, ಕವರನ್ನು ಒತ್ತಿ ಹಿಡಿದುಕೊಂಡೇ ಬಿಚ್ಚಬೇಕು.

ನೇಮ್‌ಪ್ಲೇಟ್ ಇಲ್ಲದಿದ್ದರೆ ಅಳತೆಯೇ ದಾರಿ

ನಡುವಿನ ತೂತಿರುವ ದುಂಡನೆಯ ಬಾಡಿ ಬಹುತೇಕ 5ಸಿ ಕಾಲೆಟ್ ಫಿಕ್ಸ್ಚರ್. ಖಚಿತ ಮಾಡಿಕೊಳ್ಳಲು ವರ್ನಿಯರ್ ಮತ್ತು ಪಿಚ್ ಗೇಜ್ ಸಾಕು. 5ಸಿ ಕಾಲೆಟ್‌ನ ಉದ್ದನೆಯ ಬಾಡಿ ಭಾಗ 1.25 ಇಂಚು, ಅಂದರೆ 31.75 ಮಿಮೀ. ಹಿಂಬದಿಯ ಹೊರ ಥ್ರೆಡ್ 1.238 ಇಂಚು, ಇಂಚಿಗೆ 20 ಹಲ್ಲು. ಒಳ ಥ್ರೆಡ್ 1.041 ಇಂಚು, ಇಂಚಿಗೆ 24 ಹಲ್ಲು. ಒಳಗಿನದು ಸ್ಟಾಪರ್ ಕೂರಿಸಲು ಇರುವುದು. ಮುಂದಿನ ಟೇಪರ್ ಒಂದು ಬದಿಗೆ 10 ಡಿಗ್ರಿ. ನಿಮ್ಮ ಫಿಕ್ಸ್ಚರಿನ ಸ್ಲೀವ್ (ಕಾಲೆಟ್ ಕೂರುವ ಒಳಕೊಳವೆ) ಬೋರ್ 31.75ಕ್ಕಿಂತ ಕೂದಲೆಳೆಯಷ್ಟು ದೊಡ್ಡದಿದ್ದು, ಡ್ರಾ ಟ್ಯೂಬ್ ಒಳಗೆ 20 ಹಲ್ಲಿನ ಥ್ರೆಡ್ ಇದ್ದರೆ ಅದು 5ಸಿ ಎಂದೇ ತಿಳಿಯಿರಿ. ಆಗ ಕಂಪನಿ ಯಾವುದಾದರೂ ಚಿಂತೆಯಿಲ್ಲ. 5ಸಿ ಕಾಲೆಟ್ ಎಲ್ಲ ಕಡೆ ಸಿಗುವ ಸರಕು.

ಡ್ರಾ ಟ್ಯೂಬಿನಲ್ಲಿ ಥ್ರೆಡ್ಡೇ ಇಲ್ಲದಿದ್ದರೆ ಅದು ಒತ್ತಿ ಮುಚ್ಚುವ ಜಾತಿಯದು. ಟ್ರಾಬ್ ಆಟೋಮ್ಯಾಟಿಕ್ ಲೇತುಗಳಲ್ಲಿ ಬಳಸುವಂಥ ಕಾಲೆಟ್ ಅದಕ್ಕೆ ಬೇಕಾಗಬಹುದು. ಅವುಗಳಿಗೆ ಹಿಂಬದಿಯಲ್ಲಿ ಥ್ರೆಡ್ ಇರುವುದಿಲ್ಲ, ಟೇಪರ್ ಕೋನವೂ ಬೇರೆ. ಅಳತೆ ಹೊಂದಿತೆಂದು 5ಸಿಯನ್ನು ಅದರಲ್ಲಿ ತುರುಕಬೇಡಿ.

ಯಾವ ದೇಶದ್ದೆಂದು ತಿಳಿದರೆ ಬಿಡಿಭಾಗದ ಹುಡುಕಾಟ ಸುಲಭವಾಗುತ್ತದೆ. ಅಲೆನ್ ಕೀ ಹಾಕಿ ನೋಡಿ. 5 ಅಥವಾ 6 ಮಿಮೀ ಕೀ ಬಿಗಿಯಾಗಿ ಕೂತರೆ ಮೆಟ್ರಿಕ್. 5 ಲೂಸ್ ಆಗಿ, 6 ಹೋಗದಿದ್ದರೆ ಅದು 7/32 ಇಂಚಿನದಾಗಿರಬಹುದು, ಇಲ್ಲವೇ ಬೋಲ್ಟ್ ತಲೆ ಸವೆದಿರಬಹುದು. ಹಾಗಾದಾಗ ಬೋಲ್ಟಿನ ಥ್ರೆಡ್ ಅಳೆಯಿರಿ. ಏರ್ ಪೋರ್ಟಿನಲ್ಲಿ ಎಲ್ಲರೂ ಎಡವುತ್ತಾರೆ. ಕಾಲಂಗುಲದ ಬ್ರಿಟಿಷ್ ಪೈಪ್ ಥ್ರೆಡ್ ಆದ ಬಿಎಸ್‌ಪಿಗೆ ಇಂಚಿಗೆ 19 ಹಲ್ಲು, ಅದೇ ಸೈಜಿನ ಅಮೆರಿಕದ ಎನ್‌ಪಿಟಿಗೆ 18. 1/8 ಇಂಚಿನಲ್ಲಿ ಬಿಎಸ್‌ಪಿಗೆ 28, ಎನ್‌ಪಿಟಿಗೆ 27. ಹಲ್ಲಿನ ಕೋನ ಬಿಎಸ್‌ಪಿಗೆ 55 ಡಿಗ್ರಿ, ಎನ್‌ಪಿಟಿಗೆ 60. ಮೊದಲ ಒಂದೂವರೆ ಸುತ್ತು ಎರಡೂ ಒಂದೇ ರೀತಿ ಹೋಗುತ್ತವೆ, ಆಮೇಲೆ ಬಿಗಿಯಾಗುತ್ತದೆ. ‘ಟೇಪ್ ಸುತ್ತಿ ಸ್ಪ್ಯಾನರ್ ಹಾಕಿ ಎಳೆದರೆ ಕೂರುತ್ತದೆ’ ಎಂದು ಅಲ್ಯೂಮಿನಿಯಂ ಬಾಡಿಯ ಮೇಲೆ ಬಲ ಹಾಕಿದರೆ ಹಲ್ಲು ಉದುರುತ್ತದೆ, ಇಲ್ಲವೇ ಪೋರ್ಟಿನ ಗೋಡೆ ಬಿರುಕು ಬಿಡುತ್ತದೆ. ಎನ್‌ಪಿಟಿ ಎಂದು ಕಂಡರೆ ಎನ್‌ಪಿಟಿ–ಬಿಎಸ್‌ಪಿ ಅಡಾಪ್ಟರ್ ಹಾಕಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಅಥವಾ ಪೀಣ್ಯದ ನ್ಯೂಮ್ಯಾಟಿಕ್ ಅಂಗಡಿಗಳಲ್ಲಿ ವಿಚಾರಿಸಿ.

ಜಾಬ್ ತಿರುಗುತ್ತಿರುವುದು ಏಕೆ?

ಮೊದಲು ತಿರುಗುತ್ತಿರುವುದು ಯಾವುದು ಎಂದು ಕಂಡುಹಿಡಿಯಿರಿ. ಜಾಬ್, ಕಾಲೆಟ್ ಮುಖ, ಸ್ಲೀವ್ ಮುಖ ಮೂರನ್ನೂ ಸೇರಿಸಿ ಮಾರ್ಕರ್ ಪೆನ್ನಿನಲ್ಲಿ ಒಂದೇ ನೇರ ಗೆರೆ ಎಳೆಯಿರಿ. ಹಗುರವಾದ ಕಟ್ ಕೊಟ್ಟು ನಿಲ್ಲಿಸಿ ಗೆರೆ ನೋಡಿ. ಜಾಬ್ ಮತ್ತು ಕಾಲೆಟ್ ನಡುವೆ ಗೆರೆ ಮುರಿದಿದ್ದರೆ ಹಿಡಿತ ಸಾಲದು. ಕಾಲೆಟ್ ಮತ್ತು ಸ್ಲೀವ್ ನಡುವೆ ಮುರಿದಿದ್ದರೆ ಸ್ಲೀವ್ ಒಳಗಿನ ಕೀ ಪಿನ್ ಕತ್ತರಿಸಿಹೋಗಿದೆ. ಕಾಲೆಟ್ ಮೈಮೇಲಿನ ಗ್ರೂವ್ ಒಳಗೆ ಕೂತು ಅದನ್ನು ತಿರುಗದಂತೆ ತಡೆಯುವುದು ಇದೇ ಪಿನ್. ಸೆಕೆಂಡ್‌ಹ್ಯಾಂಡ್ ಫಿಕ್ಸ್ಚರುಗಳಲ್ಲಿ ಈ ಪಿನ್ ಇಲ್ಲದಿರುವುದು ತೀರಾ ಸಾಮಾನ್ಯ. ಅದಿಲ್ಲದಿದ್ದರೆ ಕಾಲೆಟ್ ಕಟ್‌ನ ಹೊಡೆತಕ್ಕೆ ಥ್ರೆಡ್ಡಿನ ಮೇಲೆ ತಿರುಗಿ ತಾನಾಗಿಯೇ ಸಡಿಲವಾಗುತ್ತದೆ, ನೀವು ಎಷ್ಟೇ ಬಾರ್ ಕೊಟ್ಟರೂ ಪ್ರಯೋಜನವಿಲ್ಲ. ಗ್ರೂವಿನ ಅಗಲಕ್ಕೆ ಸರಿಯಾಗಿ ಗಟ್ಟಿ ಮಾಡಿದ ಪಿನ್ ಮಾಡಿಸಿ ಕೂರಿಸಿ. ಪಿನ್ನಿನ ತಲೆ ಗ್ರೂವಿನ ತಳಕ್ಕೆ ತಾಗಬಾರದು, ತಾಗಿದರೆ ಕಾಲೆಟ್ ಒಂದು ಬದಿಗೆ ಒತ್ತಿಕೊಳ್ಳುತ್ತದೆ.

ಪಿನ್ ಸರಿಯಿದ್ದೂ ಜಾಬ್ ತಿರುಗುತ್ತಿದ್ದರೆ ಲೆಕ್ಕ ಹಾಕೋಣ. ಪಿಸ್ಟನ್ 125 ಮಿಮೀ, ನಡುವಿನ ಟ್ಯೂಬ್ 45 ಮಿಮೀ ಎಂದುಕೊಳ್ಳಿ. ನಿಮ್ಮದನ್ನು ಅಳೆದು ಈ ಸಂಖ್ಯೆಗಳನ್ನು ಬದಲಿಸಿಕೊಳ್ಳಿ. ಗಾಳಿ ಒತ್ತುವ ಜಾಗ ಸುಮಾರು 107 ಚದರ ಸೆಂಮೀ. 6 ಬಾರ್‌ಗೆ ಎಳೆತ ಸುಮಾರು 650 ಕೆಜಿ. 10 ಡಿಗ್ರಿ ಟೇಪರ್ ಈ ಎಳೆತವನ್ನು ಹಿಂಡುವ ಬಲವಾಗಿ ಹೆಚ್ಚಿಸುತ್ತದೆ. ಟೇಪರ್ ಮೇಲಿನ ಘರ್ಷಣೆ 0.15 ಇದ್ದರೆ ಜಾಬ್ ಮೇಲೆ ಸುತ್ತಲೂ ಸೇರಿ ಸುಮಾರು 1,950 ಕೆಜಿ ಒತ್ತಡ ಬೀಳುತ್ತದೆ. ಜಾಬ್ ಮತ್ತು ಕಾಲೆಟ್ ನಡುವಿನ ಘರ್ಷಣೆಯೂ 0.15 ಎಂದರೆ, 20 ಮಿಮೀ ಶಾಫ್ಟಿನ ಮೈಯಲ್ಲಿ ಜಾರುವ ಮುಂಚೆ ತಡೆಯುವ ಬಲ 290 ಕೆಜಿ ಆಸುಪಾಸು, ಟಾರ್ಕ್‌ನಲ್ಲಿ ಹೇಳಿದರೆ 28 ನ್ಯೂಟನ್ ಮೀಟರ್. ಸಾಧಾರಣ ಎಂಡ್‌ಮಿಲ್ ಕಟ್ 100 ಕೆಜಿ ಬಲವನ್ನು ಜಾಬ್‌ನ ಅಂಚಿಗೆ ಹಾಕಿದರೆ ಆಗುವುದು ಸುಮಾರು 10 ನ್ಯೂಟನ್ ಮೀಟರ್. ಹಾಗಾಗಿ ಆರೋಗ್ಯವಾಗಿರುವ ಫಿಕ್ಸ್ಚರಿಗೆ 6 ಬಾರ್ ಸಾಕು, ಎರಡೂವರೆ ಪಟ್ಟಿಗಿಂತ ಹೆಚ್ಚು ಮೀಸಲು ಇರುತ್ತದೆ.

ಈಗ ಅದೇ ಟೇಪರ್ ಒಣಗಿ, ತುಕ್ಕು ಹಿಡಿದು, ಚಿಪ್ಸ್ ಪುಡಿ ಕೂತು ಘರ್ಷಣೆ 0.25ಕ್ಕೆ ಏರಿದೆ ಎನ್ನಿ. ಗೇಜ್ ಅದೇ 6 ಬಾರ್ ತೋರಿಸುತ್ತದೆ. ಹಿಂಡುವ ಬಲ ಮಾತ್ರ 1,950ರಿಂದ 1,470 ಕೆಜಿಗೆ ಇಳಿಯುತ್ತದೆ, ನಾಲ್ಕರಲ್ಲಿ ಒಂದು ಪಾಲು ಹೋಯಿತು. ಕಾಲೆಟ್ ಟೇಪರ್‌ಗೆ ತೆಳುವಾಗಿ ಗ್ರೀಸ್ ಒರೆಸುವುದು ಇದಕ್ಕೇ. ಗ್ರೀಸ್ ಹೊರ ಟೇಪರ್‌ಗೆ ಮಾತ್ರ, ಜಾಬ್ ಹಿಡಿಯುವ ಒಳಮೈಗೆ ಎಣ್ಣೆ ಕೂಡ ಇರಬಾರದು.

ಇದಕ್ಕಿಂತ ಮೋಸದ ದೋಷ ಇನ್ನೊಂದಿದೆ. ಪಿಸ್ಟನ್ ತನ್ನ ಸ್ಟ್ರೋಕಿನ ಕೊನೆಗೆ ಹೋಗಿ ಕವರಿಗೆ ತಾಗಿ ನಿಂತುಬಿಡುತ್ತದೆ, ಕಾಲೆಟ್ ಅಷ್ಟರಲ್ಲಿ ಜಾಬನ್ನು ಬರಿಯ ಮುಟ್ಟಿರುತ್ತದೆ. ಗೇಜ್‌ನಲ್ಲಿ 6 ಬಾರ್, ಕೈಯಲ್ಲಿ ಅಲ್ಲಾಡಿಸಿದರೆ ಜಾಬ್ ಗಟ್ಟಿ, ಕಟರ್ ತಾಗಿದ ಕೂಡಲೇ ಗಿರಕಿ. ನಿಮ್ಮ ವಿವರಣೆ ಓದಿದಾಗ ನನಗೆ ಹೆಚ್ಚು ಅನುಮಾನ ಇದರ ಮೇಲೆಯೇ. ಪರೀಕ್ಷೆ ಸುಲಭ. ಕಾಲೆಟ್ ತೆಗೆದು, ಡ್ರಾ ಟ್ಯೂಬಿನ ಹಿಂಭಾಗಕ್ಕೆ ಡಯಲ್ ಇಟ್ಟು, 2 ಬಾರ್‌ನಲ್ಲಿ ಪೂರ್ತಿ ಸ್ಟ್ರೋಕ್ ಎಷ್ಟೆಂದು ಬರೆದುಕೊಳ್ಳಿ. ಆಮೇಲೆ ಕಾಲೆಟ್, ಜಾಬ್ ಹಾಕಿ 6 ಬಾರ್ ಕೊಟ್ಟು ಮತ್ತೆ ಓದಿ. ಎರಡನೆಯ ಓಟ ಮೊದಲನೆಯದಕ್ಕಿಂತ ಕನಿಷ್ಠ 1 ಮಿಮೀ ಕಡಿಮೆ ಇರಬೇಕು. ಎರಡೂ ಸಮವಾಗಿದ್ದರೆ ಪಿಸ್ಟನ್ ಕವರನ್ನು ಎಳೆಯುತ್ತಿದೆ, ಜಾಬನ್ನಲ್ಲ. ಡ್ರಾ ಟ್ಯೂಬನ್ನು ಕಾಲೆಟ್ ಮೇಲೆ ಇನ್ನಷ್ಟು ಸುತ್ತು ಏರಿಸಿ ಸರಿಪಡಿಸಿ. 20 ಹಲ್ಲಿನ ಥ್ರೆಡ್ಡಿನಲ್ಲಿ ಒಂದು ಸುತ್ತಿಗೆ 1.27 ಮಿಮೀ. ಒಂದು ಎಚ್ಚರಿಕೆ: ಜಾಬ್ ಇಲ್ಲದೆ ಕಾಲೆಟ್ ಒಂದನ್ನೇ 6 ಬಾರ್‌ನಲ್ಲಿ ಮುಚ್ಚಬೇಡಿ. ಕಾಲೆಟ್ ಶಾಶ್ವತವಾಗಿ ಮುದುಡಿಕೊಳ್ಳುತ್ತದೆ ಅಥವಾ ಸೀಳಿನ ಬುಡದಲ್ಲಿ ಬಿರುಕು ಬಿಡುತ್ತದೆ.

ಕಾಲೆಟ್ ಸೈಜನ್ನೂ ನೋಡಿ. ಡ್ರಾ ಟ್ಯೂಬ್ 1 ಮಿಮೀ ಎಳೆದರೆ ಕಾಲೆಟ್ ವ್ಯಾಸದಲ್ಲಿ 0.35 ಮಿಮೀ ಮಾತ್ರ ಮುಚ್ಚುತ್ತದೆ. ಗುಜರಿ ಲಾಟಿನಲ್ಲಿ ಬರುವ ಇಂಚಿನ ಸೆಟ್ 1/64 ಇಂಚು ಹೆಜ್ಜೆಯದಾಗಿದ್ದರೆ 20 ಮಿಮೀಗೆ ಸರಿಯಾದದ್ದು ಅದರಲ್ಲಿ ಇಲ್ಲ. 25/32 ಅಂದರೆ 19.84, ಜಾಬ್ ಒಳಗೆ ಹೋಗುವುದಿಲ್ಲ. 51/64 ಅಂದರೆ 20.24, ಜಾಬ್ ಹೋಗುತ್ತದೆ, ಆದರೆ ಕಾಲು ಮಿಮೀ ಮುಚ್ಚಬೇಕಾಗಿ ಬಂದು ಕಾಲೆಟ್ ಬಾಯಂಚಿನ ಒಂದು ಉಂಗುರದಷ್ಟು ಜಾಗ ಮಾತ್ರ ಹಿಡಿಯುತ್ತದೆ. ಹೊಸದಾಗಿ 20 ಮಿಮೀ ಮೆಟ್ರಿಕ್ ಕಾಲೆಟ್ ಕೊಳ್ಳಿ. ಈ ಆರ್ಡರಿಗೆ ನೀವು ಮಾಡುವ ಖರ್ಚಿನಲ್ಲಿ ಇದೇ ಹೆಚ್ಚು ಫಲ ಕೊಡುವುದು. ಶಾಫ್ಟ್ ಬ್ರೈಟ್ ಬಾರ್ ಅಲ್ಲದೆ ಕಪ್ಪು ರೋಲ್ಡ್ ಬಾರ್ ಆಗಿದ್ದರೆ ಕಾಲೆಟ್‌ನ ಆಸೆ ಬಿಡಿ, ಅದರ ವ್ಯಾಸ ಅಷ್ಟು ಏರುಪೇರಾಗಿರುತ್ತದೆ.

ಹಾಗಾದರೆ 10 ಬಾರ್ ಸಲಹೆ? ಪಿಸ್ಟನ್ ಕವರಿಗೆ ತಾಗಿದ್ದರೆ 10 ಬಾರ್‌ಗೂ ಹಿಡಿತ ಹೆಚ್ಚುವುದಿಲ್ಲ. ಪಿನ್ ಇಲ್ಲದಿದ್ದರೂ ಅಷ್ಟೇ. ಆಗುವುದೊಂದೇ: ಕವರ್ ಬೋಲ್ಟುಗಳ ಮೇಲಿನ ಎಳೆತ 650ರಿಂದ 1,090 ಕೆಜಿಗೆ ಏರುತ್ತದೆ. ವಯಸ್ಸೂ ರೇಟಿಂಗೂ ಗೊತ್ತಿಲ್ಲದ ಅಲ್ಯೂಮಿನಿಯಂ ಬಾಡಿಯ ಮೇಲೆ ಹೀಗೆ ಮಾಡಬಾರದು. 6 ಬಾರ್ ದಾಟಬೇಡಿ.

ಸೋರಿಕೆ ಮತ್ತು ಸೀಲ್

ಕೆಟ್ಟಿರುವುದು ವಾಲ್ವೋ ಫಿಕ್ಸ್ಚರೋ ಎಂದು ಮೊದಲು ಬೇರ್ಪಡಿಸಿ. ಫಿಕ್ಸ್ಚರಿಗೆ ಹೋಗುವ ಎರಡೂ ಟ್ಯೂಬ್ ಕಿತ್ತು ಪ್ಲಗ್ ಹಾಕಿ. ಆಗಲೂ ಎಕ್ಸಾಸ್ಟಿನಿಂದ ಗಾಳಿ ಬರುತ್ತಿದ್ದರೆ ವಾಲ್ವಿನ ಸ್ಪೂಲ್ ಸೀಲ್ ಹೋಗಿದೆ, ಫಿಕ್ಸ್ಚರ್ ಬಿಚ್ಚುವ ಅಗತ್ಯವೇ ಇಲ್ಲ. ವಾಲ್ವ್ ಸರಿಯಿದ್ದರೆ ಹಿಡಿಯುವ ಪೋರ್ಟಿಗೆ ಮಾತ್ರ ಗಾಳಿ ಕೊಟ್ಟು ಇನ್ನೊಂದನ್ನು ತೆರೆದಿಟ್ಟು ಸೋಪು ನೀರು ಹಚ್ಚಿ. ತೆರೆದ ಪೋರ್ಟಿನಿಂದ ಗಾಳಿ ಬಂದರೆ ಪಿಸ್ಟನ್ ಸೀಲ್. ಡ್ರಾ ಟ್ಯೂಬಿನ ಸುತ್ತ ಗುಳ್ಳೆ ಬಂದರೆ ಟ್ಯೂಬ್ ಸೀಲ್. ಕವರ್ ಸಂದಿನಲ್ಲಿ ಬಂದರೆ ಅಲ್ಲಿನ ಓ-ರಿಂಗ್. ಬಾಡಿಯ ನಡುಮೈಯಲ್ಲಿ ಬಂದರೆ ಬಿರುಕು.

ಬಿಚ್ಚುವ ಮುಂಚೆ ಕವರ್ ಮತ್ತು ಬಾಡಿ ಎರಡರ ಮೇಲೂ ಗುರುತು ಹಾಕಿ, ಏಕೆಂದರೆ ಎಷ್ಟೋ ಫಿಕ್ಸ್ಚರುಗಳಲ್ಲಿ ಕವರ್ ಒಂದೇ ಸ್ಥಾನದಲ್ಲಿ ನೇರ ಕೂರುತ್ತದೆ. ಪಿಸ್ಟನ್ ಅಂಟಿಕೊಂಡಿದ್ದರೆ ಗಾಳಿ ಬಿಟ್ಟು ಹಾರಿಸುವ ಅಭ್ಯಾಸ ಎಲ್ಲ ಶಾಪುಗಳಲ್ಲೂ ಇದೆ. ದಯವಿಟ್ಟು ಬೇಡ. 125 ಮಿಮೀ ಪಿಸ್ಟನ್ 2 ಬಾರ್‌ಗೇ 200 ಕೆಜಿಗಿಂತ ಹೆಚ್ಚು ಬಲದಲ್ಲಿ ಹೊರಗೆ ಬರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಸಿ, ನೈಲಾನ್ ಕಡ್ಡಿ ಇಟ್ಟು ಸುತ್ತಲೂ ಮೆಲ್ಲಗೆ ತಟ್ಟಿ. ತೊಳೆಯಲು ಕಾಸ್ಟಿಕ್ ಸೋಡಾ ಬೇಡ, ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಗಟ್ಟಿ ಮಾಡಿದ ಸ್ಲೀವ್, ಕಾಲೆಟ್‌ಗಳ ತುಕ್ಕಿಗೆ ಹೈಡ್ರೋಕ್ಲೋರಿಕ್ ಆಸಿಡ್ ಕೂಡ ಬೇಡ. ಮೈ ಗುಳಿ ಬೀಳುತ್ತದೆ, ಉಕ್ಕು ಒಳಗೊಳಗೇ ಪೆಡಸಾಗಿ ಆಮೇಲೊಂದು ದಿನ ಸೀಳುತ್ತದೆ.

ಸೀಲ್ ಕಿಟ್ ಇಲ್ಲದಿದ್ದರೆ ಸ್ಕ್ರ್ಯಾಪ್ ಎಂಬ ಮಾತು ಈ ತರಹದ ಫಿಕ್ಸ್ಚರಿಗೆ ಹೊಂದುವುದಿಲ್ಲ. ಒಳಗಿರುವುದು ಸಾಮಾನ್ಯವಾಗಿ ಮೂರು ನಾಲ್ಕು ಸ್ಟ್ಯಾಂಡರ್ಡ್ ಓ-ರಿಂಗುಗಳು. ಹಳೆಯ ರಿಂಗನ್ನು ಅಂಗಡಿಗೆ ಒಯ್ದು ‘ಇದೇ ತರಹದ್ದು ಕೊಡಿ’ ಎಂದರೆ ಮಾತ್ರ ಕೆಡುತ್ತದೆ, ಏಕೆಂದರೆ ಅದು ಚಪ್ಪಟೆಯಾಗಿರುತ್ತದೆ ಇಲ್ಲವೇ ಎಣ್ಣೆ ಕುಡಿದು ಉಬ್ಬಿರುತ್ತದೆ. ರಿಂಗ್ ಕೂರುವ ಗ್ರೂವನ್ನು ಅಳೆಯಿರಿ. ಅಮೆರಿಕದ ಇಂಚಿನ ಸಾಲಿನಲ್ಲಿ ರಿಂಗ್ ದಪ್ಪ 1.78, 2.62, 3.53, 5.33 ಮಿಮೀ ಬರುತ್ತವೆ. ಜಪಾನಿನ ಪಿ ಸಾಲಿನಲ್ಲಿ 1.9, 2.4, 3.5, 5.7. ಚಲಿಸುವ ಸೀಲಿಗೆ ಗ್ರೂವಿನ ಆಳ ರಿಂಗ್ ದಪ್ಪಕ್ಕಿಂತ ನೂರಕ್ಕೆ 10ರಿಂದ 15ರಷ್ಟು ಕಡಿಮೆ ಇರಬೇಕು. ಉದಾಹರಣೆಗೆ ಎದುರು ಗೋಡೆಯವರೆಗಿನ ಸಂದು ಸೇರಿಸಿ ಆಳ 3.1, ಅಗಲ 4.8 ಮಿಮೀ ಇದ್ದರೆ ಅಲ್ಲಿ ಕೂರಬೇಕಾದದ್ದು 3.53ರ ರಿಂಗ್. ಹೆಚ್ಚು ದಪ್ಪದ್ದು ತುರುಕಿದರೆ ಸೋರಿಕೆ ನಿಲ್ಲುತ್ತದೆ, ಆದರೆ ಪಿಸ್ಟನ್ ಎಳೆದಾಡುತ್ತಾ ಚಲಿಸಿ ರಿಂಗ್ ಬೇಗ ಹರಿಯುತ್ತದೆ.

ರಬ್ಬರ್ ಎನ್‌ಬಿಆರ್, ಗಡಸುತನ 70 ಶೋರ್ ಎಂದು ಕೇಳಿ. ಇದಕ್ಕೆ ವಿಟಾನ್ ಬೇಕಿಲ್ಲ. ಇಪಿಡಿಎಂ ಮಾತ್ರ ಯಾವ ಕಾರಣಕ್ಕೂ ಬೇಡ. ನೋಡಲು ಅದೂ ಕಪ್ಪು ರಿಂಗೇ, ಆದರೆ ಮಿನರಲ್ ಆಯಿಲ್ ತಾಗಿದರೆ ಉಬ್ಬಿ ಹಾಳಾಗುತ್ತದೆ. ಓ-ರಿಂಗ್ ಕಾರ್ಡ್ ಕತ್ತರಿಸಿ ಅಂಟಿಸಿದ್ದು ಕವರ್ ಸಂದಿಗಾದರೆ ನಡೆಯುತ್ತದೆ, ಪಿಸ್ಟನ್ನಿಗೆ ನಡೆಯುವುದಿಲ್ಲ, ಅಂಟಿನ ಗಂಟು ಬೋರಿಗೆ ಉಜ್ಜಿ ಬಿಡುತ್ತದೆ. ಜೋಡಿಸುವಾಗ ಥ್ರೆಡ್ ಮೇಲೆ ಹಾದುಹೋಗುವ ರಿಂಗ್ ಕತ್ತರಿಸದಂತೆ ಥ್ರೆಡ್ಡಿಗೆ ಒಂದು ಸುತ್ತು ಟೇಪ್ ಹಾಕಿ, ರಿಂಗ್ ದಾಟಿದ ಮೇಲೆ ತೆಗೆಯಿರಿ. ಬೋರ್‌ಗೂ ರಿಂಗ್‌ಗೂ ತೆಳುವಾಗಿ ಲಿಥಿಯಂ ಗ್ರೀಸ್ ಹಚ್ಚಿ.

ಹಣ ಖರ್ಚಾಗುವುದು ಸೀಲಿಗಲ್ಲ, ಬೋರಿಗೆ, ಅಂದರೆ ಪಿಸ್ಟನ್ ಓಡುವ ಒಳಮೈಗೆ. ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಬೋರ್ ಡಯಲ್‌ನಿಂದ ಅಳೆಯಿರಿ. 0.05 ಮಿಮೀವರೆಗಿನ ಓರೆಯನ್ನು ಓ-ರಿಂಗ್ ಸಹಿಸಿಕೊಳ್ಳುತ್ತದೆ. ಗೆರೆಗಳಿದ್ದರೆ ಉಗುರು ಆಡಿಸಿ. ಉಗುರಿಗೆ ಸಿಗದಿದ್ದರೆ 600, ಆಮೇಲೆ 1000 ನಂಬರ್ ಎಮರಿ ಪೇಪರನ್ನು ಎಣ್ಣೆಯಲ್ಲಿ ನೆನೆಸಿ ಸುತ್ತಲೂ ಉಜ್ಜಿ. ಉದ್ದಕ್ಕೆ ಉಜ್ಜಬೇಡಿ, ಆ ಗೆರೆಗಳೇ ಗಾಳಿಗೆ ದಾರಿಯಾಗುತ್ತವೆ. ಒಳಮೈ ಮಾಸಲು ಬೂದು ಬಣ್ಣದ್ದಾಗಿದ್ದರೆ ಅದು ಹಾರ್ಡ್ ಅನೊಡೈಸ್ ಪದರ, ದಪ್ಪ ಸಾಮಾನ್ಯವಾಗಿ 25ರಿಂದ 50 ಮೈಕ್ರಾನ್. ಹೋನಿಂಗ್ ಹೆಸರಿನಲ್ಲಿ ಅದನ್ನು ಕಿತ್ತುಹಾಕಿದರೆ ಕೆಳಗಿನ ಮೆತ್ತನೆಯ ಅಲ್ಯೂಮಿನಿಯಂ ಕೆಲವೇ ವಾರಗಳಲ್ಲಿ ಉಬ್ಬುತಗ್ಗಾಗುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಇದ್ದರೆ ಬೋರ್ ದೊಡ್ಡದು ಮಾಡಿ ಹೋನ್ ಮಾಡಿದ ಸ್ಲೀವ್ ಕೂರಿಸಬೇಕು. ಓ-ರಿಂಗ್ ಕೆಲಸ ನೂರರ ಲೆಕ್ಕದಲ್ಲಿ ಮುಗಿದರೆ ಇದು ಸಾವಿರಗಳ ಲೆಕ್ಕ. ಸ್ಲೀವ್ ಕೂರಿಸಿದ ಮೇಲೆ ಬಾಡಿ ಗೋಡೆ ಪೋರ್ಟಿನ ಬಳಿ ತೆಳುವಾಗುವುದಾದರೆ ಮಾಡಿಸಲೇಬೇಡಿ.

ಟೇಪರ್ ಸೀಟ್ ಪರೀಕ್ಷಿಸಲು ಹೊಸ 20 ಮಿಮೀ ಕಾಲೆಟ್ ಒಳಗೆ ಗ್ರೈಂಡ್ ಮಾಡಿದ 20 ಮಿಮೀ ಪಿನ್ ಇಟ್ಟು, ಟೇಪರಿಗೆ ಬ್ಲೂ (ತಾಗಿದ ಜಾಗ ತೋರಿಸುವ ನೀಲಿ ಬಣ್ಣ) ತೆಳುವಾಗಿ ಸವರಿ, 1 ಬಾರ್‌ನಲ್ಲಿ ಒಮ್ಮೆ ಎಳೆದು ಬಿಡಿ. ಸೀಟಿನ ಸುತ್ತಲೂ ಮುಕ್ಕಾಲು ಭಾಗ ಬ್ಲೂ ಹತ್ತಿದ್ದರೆ ಮುಟ್ಟಬೇಡಿ. ಬಾಯಿಯ ಬಳಿ ಹತ್ತದೆ ಒಳಗೆ ಮಾತ್ರ ಹತ್ತಿದ್ದರೆ ಬಾಯಿ ಅಗಲವಾಗಿದೆ, ಗ್ರೈಂಡ್ ಮಾಡಿಸಬೇಕು. ಗ್ರೈಂಡರ್‌ನವರಿಗೆ ಒಂದು ಲೆಕ್ಕ ಹೇಳಿ ಕಳಿಸಿ: ಒಂದು ಬದಿಗೆ 0.01 ಮಿಮೀ ತೆಗೆದರೆ ಕಾಲೆಟ್ 0.057 ಮಿಮೀ ಒಳಗೆ ಕೂರುತ್ತದೆ. 0.05 ತೆಗೆದರೆ ಹತ್ತಿರ 0.3 ಮಿಮೀ. ಆಮೇಲೆ ಮೇಲೆ ಹೇಳಿದ ಸ್ಟ್ರೋಕ್ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು.

ಲೇತಿನಂತೆ ಇಲ್ಲಿ ಕಾಲೆಟ್ ತಿರುಗುವುದಿಲ್ಲವಾದ್ದರಿಂದ ರನ್‌ಔಟ್ ಬಗ್ಗೆ ಅತಿಯಾಗಿ ತಲೆಕೆಡಿಸಿಕೊಳ್ಳಬೇಡಿ. ನೋಡಬೇಕಾದದ್ದು, ಒಂದೇ ಪಿನ್ನನ್ನು ಹತ್ತು ಸಲ ಹಿಡಿದು ಬಿಟ್ಟಾಗ ಡಯಲ್ 0.02 ಮಿಮೀ ಒಳಗೆ ಅದೇ ಓದು ಕೊಡುತ್ತದೆಯೇ, 50 ಮಿಮೀ ಎತ್ತರದಲ್ಲಿ ಪಿನ್ ವಾಲಿದೆಯೇ ಎಂಬುದನ್ನು. ಇನ್ನೊಂದು, 5ಸಿ ಕಾಲೆಟ್ ಮುಚ್ಚುವಾಗ ಜಾಬನ್ನು ಒಳಕ್ಕೆ ಎಳೆಯುತ್ತದೆ. ಶಾಫ್ಟಿನ ವ್ಯಾಸ 0.05 ವ್ಯತ್ಯಾಸವಾದರೆ ಎತ್ತರ 0.14 ಮಿಮೀ ಬದಲಾಗುತ್ತದೆ. ಸ್ಲಾಟ್ ಆಳದಲ್ಲಿ ಅದು ನೇರ ಕಾಣಿಸುತ್ತದೆ. ಕಾಲೆಟ್ ಜೊತೆಗೇ ಚಲಿಸುವ ಸ್ಟಾಪರ್ ಇದನ್ನು ಸರಿಪಡಿಸುವುದಿಲ್ಲ, ಬಾಡಿಗೆ ಬಿಗಿದ ಸ್ಥಿರ ಸ್ಟಾಪರ್ ಇದ್ದರೆ ಜಾಬ್ ಅದರ ಮೇಲೆ ಒತ್ತಿ ನಿಲ್ಲುತ್ತದೆ. ಕಾಲೆಟ್ ಒಳಗಿನ ಸ್ಟಾಪರ್ ಹಾಕಿದರೂ ಒಂದು ಲಾಭವಿದೆ: ಚಿಪ್ಸ್ ಡ್ರಾ ಟ್ಯೂಬಿನೊಳಗೆ ಬೀಳುವುದು ತಪ್ಪುತ್ತದೆ.

ಗಾಳಿ, ಲೂಬ್ರಿಕೇಟರ್, ಕರೆಂಟ್

ಲೂಬ್ರಿಕೇಟರ್ ಬಗ್ಗೆ ಕೇಳಿದ್ದೀರಿ. ಈ ಫಿಕ್ಸ್ಚರ್ ಪ್ರತಿ ಸಲ ಕುಡಿಯುವ ಗಾಳಿ ತುಂಬ ಕಡಿಮೆ, ಕೆಲವೇ ಮಿಲಿಮೀಟರ್ ಸ್ಟ್ರೋಕ್. ಅಷ್ಟು ಹರಿವಿಗೆ ಲೂಬ್ರಿಕೇಟರ್ ಹನಿಯನ್ನೇ ಎತ್ತುವುದಿಲ್ಲ, ಎತ್ತಿದರೂ ಎಣ್ಣೆ ಟ್ಯೂಬಿನಲ್ಲೇ ಅಂಟಿಕೊಳ್ಳುತ್ತದೆ. ಜೋಡಿಸುವಾಗ ಸರಿಯಾಗಿ ಗ್ರೀಸ್ ಹಚ್ಚಿ, ಲೂಬ್ರಿಕೇಟರ್ ಇಲ್ಲದೆ ನಡೆಸಿ. ಆದರೆ ಈಗಾಗಲೇ ಎಣ್ಣೆ ಹಾಕಿ ನಡೆಸಲು ಶುರುಮಾಡಿದ್ದರೆ ಮಧ್ಯೆ ನಿಲ್ಲಿಸಬೇಡಿ. ಎಣ್ಣೆ ಒಳಗಿನ ಗ್ರೀಸನ್ನು ತೊಳೆದಿರುತ್ತದೆ, ನಿಲ್ಲಿಸಿದರೆ ಸೀಲ್ ಒಣಗಿ ಓಡುತ್ತದೆ. ನಿಜವಾಗಿ ಬೇಕಾದದ್ದು 5 ಮೈಕ್ರಾನ್ ಫಿಲ್ಟರ್ ಮತ್ತು ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನವೂ ಬಿಡುವ ಶಿಸ್ತು. ಇಂಥ ಫಿಕ್ಸ್ಚರುಗಳ ಒಳಗೆ ಕಾಣುವ ತುಕ್ಕು ಬಹುಪಾಲು ಟ್ಯಾಂಕಿನ ನೀರಿನಿಂದ ಬಂದದ್ದು.

ಬೆಸ್ಕಾಂ ಕರೆಂಟ್ ಹೋದಾಗ ಏನಾಗುತ್ತದೆ ಎಂಬುದು ವಾಲ್ವ್ ಮೇಲೆ ನಿಂತಿದೆ. ಸಿಂಗಲ್ ಸೊಲೆನಾಯ್ಡ್ ಸ್ಪ್ರಿಂಗ್ ರಿಟರ್ನ್ ವಾಲ್ವ್ ಹಾಕಿ, ಕಾಯಿಲ್ ಆನ್ ಇದ್ದಾಗ ಹಿಡಿಯುವಂತೆ ಜೋಡಿಸಿದ್ದರೆ, ಕರೆಂಟ್ ಹೋದ ಕ್ಷಣ ಕಾಲೆಟ್ ತೆರೆಯುತ್ತದೆ. ಸ್ಪಿಂಡಲ್ ಆಗಿನ್ನೂ ತಿರುಗುತ್ತಲೇ ಇರುತ್ತದೆ. ಇದು ಅತಿ ಅಪಾಯದ ಜೋಡಣೆ, ಸೆಕೆಂಡ್‌ಹ್ಯಾಂಡ್ ಸೆಟಪ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನಿಮ್ಮ ಮಷೀನಿಗೆ ಕರೆಂಟೇ ಬೇಡದ 5/2 (ಐದು ಪೋರ್ಟ್, ಎರಡು ಸ್ಥಾನದ) ಹ್ಯಾಂಡ್ ಲಿವರ್ ವಾಲ್ವ್ ಸಾಕು, ಆದರೆ ಇಟ್ಟ ಜಾಗದಲ್ಲೇ ನಿಲ್ಲುವ ಡಿಟೆಂಟ್ ಮಾದರಿಯದ್ದು. ಸೊಲೆನಾಯ್ಡ್ ಬೇಕೇ ಬೇಕೆಂದರೆ ಡಬಲ್ ಸೊಲೆನಾಯ್ಡ್ ತೆಗೆದುಕೊಳ್ಳಿ. ಪೆಡಲ್ ಹಾಕುವುದಾದರೆ ಮೇಲೆ ಗಾರ್ಡ್ ಇರಲಿ, ಕಾಲು ತಪ್ಪಿ ಬಿದ್ದರೆ ಜಾಬ್ ಬಿಡುತ್ತದೆ.

ಕಂಪ್ರೆಸರ್ ನಿಂತರೂ ಹಿಡಿತ ಉಳಿಯಲು, ಹಿಡಿಯುವ ಪೋರ್ಟಿನ ಬಾಯಲ್ಲೇ ಪೈಲಟ್ ಚೆಕ್ ವಾಲ್ವ್ (ಬಿಡಿಸುವ ಗಾಳಿ ಬರುವವರೆಗೆ ಒಳಗಿನ ಗಾಳಿಯನ್ನು ಹೊರಬಿಡದ ವಾಲ್ವ್) ಹಾಕಿ. ಟ್ಯೂಬ್ ಕಿತ್ತುಹೋದರೂ ಒಳಗಿನ ಗಾಳಿ ಅಲ್ಲೇ ಉಳಿಯುತ್ತದೆ. ಆದರೆ ಬಿಚ್ಚುವಾಗ ನೆನಪಿರಲಿ, ಮೇನ್ ಲೈನ್ ಬಂದ್ ಮಾಡಿದರೂ ಫಿಕ್ಸ್ಚರ್ ಒಳಗೆ 6 ಬಾರ್ ಕೂತಿರುತ್ತದೆ. ಚೆಕ್ ವಾಲ್ವ್ ಮತ್ತು ಫಿಕ್ಸ್ಚರ್ ನಡುವೆ ಪ್ರೆಶರ್ ಸ್ವಿಚ್ ಹಾಕಿ 5 ಬಾರ್‌ಗೆ ಸೆಟ್ ಮಾಡಿ. ಒತ್ತಡ ಅದಕ್ಕಿಂತ ಇಳಿದರೆ ಫೀಡ್ ಮತ್ತು ಸ್ಪಿಂಡಲ್ ಎರಡೂ ನಿಲ್ಲುವಂತೆ ಕಂಟಾಕ್ಟರಿಗೆ ಜೋಡಿಸಿ. ಸ್ಪಿಂಡಲ್ ಮಾತ್ರ ನಿಂತು ಟೇಬಲ್ ಓಡಿದರೆ ಕಟರ್ ಮುರಿಯುತ್ತದೆ. ಈ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಎಲ್ಲ ಮುಗಿದ ಮೇಲೆ 6 ಬಾರ್ ತುಂಬಿ, ಲೈನ್ ಮುಚ್ಚಿ, ಹತ್ತು ನಿಮಿಷ ಗೇಜ್ ನೋಡಿ. 0.2 ಬಾರ್‌ಗಿಂತ ಹೆಚ್ಚು ಇಳಿದರೆ ಮಷೀನಿನ ಮೇಲೆ ಏರಿಸಬೇಡಿ. ಇಳಿಯದಿದ್ದರೆ ಮೊದಲ ಜಾಬುಗಳನ್ನು ಅರ್ಧ ಡೆಪ್ತ್‌ನಲ್ಲಿ, ಜಾಬ್ ಕಾಲೆಟ್‌ನಿಂದ 30 ಮಿಮೀಗಿಂತ ಹೆಚ್ಚು ಹೊರಚಾಚದಂತೆ ಹಾಕಿ, ಮಾರ್ಕರ್ ಗೆರೆ ಎಳೆದೇ ಓಡಿಸಿ.

ವೈಸ್ ಬಗ್ಗೆ

ಅದರ ಸಿಲಿಂಡರ್ ಮೇಲೆ ಎಣ್ಣೆ ತುಂಬುವ ಪ್ಲಗ್ ಅಥವಾ ಬ್ಲೀಡ್ ನಿಪಲ್ ಇದೆಯೇ ನೋಡಿ. ಇದ್ದರೆ ಅದು ಗಾಳಿಯಿಂದ ಎಣ್ಣೆ ಒತ್ತುವ ಬೂಸ್ಟರ್ ಮಾದರಿ. 100 ಮಿಮೀ ಗಾಳಿ ಪಿಸ್ಟನ್ 20 ಮಿಮೀ ಪ್ಲಂಜರನ್ನು ಒತ್ತಿದರೆ ಒತ್ತಡ 25 ಪಟ್ಟು, 6 ಬಾರ್ ಗಾಳಿಗೆ 150 ಬಾರ್ ಎಣ್ಣೆ. ಅಲ್ಲಿ ಮೇಲೆ ಹೇಳಿದ ಸಾದಾ ಓ-ರಿಂಗ್ ಸೂತ್ರ ನಡೆಯುವುದಿಲ್ಲ. ಬ್ಯಾಕಪ್ ರಿಂಗ್ ಸಹಿತ ಹೈಡ್ರಾಲಿಕ್ ಸೀಲ್ ಬೇಕು, ಗಾಳಿ ಗುಳ್ಳೆ ಪೂರ್ತಿ ತೆಗೆಯಬೇಕು. ಗುಳ್ಳೆ ಉಳಿದರೆ ಜಾ ಸ್ಪಂಜಿನಂತೆ ಹಿಂದೆ ಸರಿಯುತ್ತದೆ. ಹೈಡ್ರಾಲಿಕ್ ಸೀಲ್ ಕೆಲಸ ಮಾಡುವವರಿಗೆ ಕೊಡಿ. ಪ್ಲಗ್ ಇಲ್ಲದ ನೇರ ಗಾಳಿಯ ವೈಸ್ ಆದರೆ ಕಾಲೆಟ್ ಫಿಕ್ಸ್ಚರಿನ ವಿಧಾನವೇ ಸಾಕು. ಬಳಸುವಾಗ ಜಾ ಮತ್ತು ಜಾಬ್ ನಡುವಿನ ಸಂದನ್ನು ಕೈ ಸ್ಕ್ರೂನಿಂದ ಹತ್ತಿರ ತಂದು 4 ಮಿಮೀ ಒಳಗೆ ಇಡಿ, ಬೆರಳು ತೂರಬಾರದು.

ಮಾರುವ ವಿಚಾರಕ್ಕೆ ಬಂದರೆ, ಕಾಲೆಟ್ ಫಿಕ್ಸ್ಚರ್ 5ಸಿ ಎಂದು ಖಚಿತವಾಗಿ, ಬೋರ್ ಉಗುರು ಪರೀಕ್ಷೆಯಲ್ಲಿ ಪಾಸಾದರೆ ಮಾರಬೇಡಿ, ನಿಮ್ಮ ಆರ್ಡರಿಗೆ ಹೇಳಿ ಮಾಡಿಸಿದಂತಿದೆ. ಬೋರ್ ಹೋಗಿದ್ದರೆ, ಶಾಫ್ಟಿನ ಆರ್ಡರ್ ವರ್ಷವಿಡೀ ಬರುವುದಾದರೆ ಮಾತ್ರ ಸ್ಲೀವ್ ಖರ್ಚು ಮಾಡಿ. ಪೋರ್ಟ್ ಬಳಿ ಬಿರುಕು ಕಂಡರೆ, ಅಥವಾ ಹಿಂದೆ ಯಾರೋ ಬಾಡಿಯನ್ನು ವೆಲ್ಡ್ ಮಾಡಿರುವ ಗುರುತು ಸಿಕ್ಕರೆ, ಗಾಳಿ ಕೊಡಲೇಬೇಡಿ. ಅದನ್ನು ಹಾಗೇ ಇನ್ನೊಬ್ಬರಿಗೆ ಮಾರುವುದೂ ಬೇಡ. ಸ್ಲೀವ್ ಮತ್ತು ಡ್ರಾ ಟ್ಯೂಬ್ ಬಿಚ್ಚಿ ಇಟ್ಟುಕೊಂಡು, ಬಾಡಿಯನ್ನು ಗರಗಸದಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕಿ.